ಹಳ್ಳ ಅದೇ, ನೆಲ ಬೇರೆ: ಸಣ್ಣ ಹಳ್ಳಗಳ ಪ್ರವಾಹದ ಬಗ್ಗೆ ಓದುಗರ ಪ್ರಶ್ನೆಗಳು

ಹಳ್ಳದ ನೀರಿನ ಬಗ್ಗೆ ಏನೇ ಅನುಮಾನ ಇದ್ದರೂ ಬರೆಯಿರಿ ಅಂತ ಹೋದ ಸಲ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಜಾಗದಿಂದ ಬಂದಿವೆ. ಮೊದಲು ಹೊಲ, ಕುರುಚಲು ಕಾಡು ಇದ್ದ ಕಡೆ ಈಗ ಮನೆ, ರಸ್ತೆ, ವಾಹನ ನಿಲ್ಲಿಸುವ ಜಾಗ. ನಡುವೆ ಎರಡು ಮಾರು ಅಗಲದ ಒಂದು ಹಳ್ಳ. ಇಪ್ಪತ್ತೆಂಟು ವರ್ಷ ಇಂಥ ಹಳ್ಳಗಳ ದಂಡೆಯಲ್ಲಿ ಅಳತೆಪಟ್ಟಿ ಹಿಡಿದು ಓಡಾಡಿದವಳು ನಾನು. ದೊಡ್ಡ ನದಿಗೆ ಕಾವಲು ಕಾಯಲು ಎಷ್ಟೋ ಜನ ಇರುತ್ತಾರೆ. ಈ ಸಣ್ಣ ಹಳ್ಳಗಳನ್ನು ಕೇಳುವವರೇ ಕಡಿಮೆ. ಅದಕ್ಕೇ ಈ ಪತ್ರಗಳನ್ನು ಓದಿ ತುಂಬಾ ಖುಷಿಯಾಯಿತು.

ಪ್ರಶ್ನೆ: ಹಳ್ಳದ ಪಕ್ಕದಲ್ಲಿ ನಮ್ಮ ಮನೆ ಇದೆ. ಹದಿನೈದು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಮೂರು ವರ್ಷದಿಂದ ಸಾಧಾರಣ ಮಳೆಗೂ ನೀರು ಗೇಟಿನ ತನಕ ಬರುತ್ತಿದೆ. ಮಳೆ ಜಾಸ್ತಿಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಹತ್ತಿರದ ಮಳೆಮಾಪನದ ಲೆಕ್ಕ ನೋಡಿದರೆ ಹಾಗೇನೂ ಕಾಣುವುದಿಲ್ಲ. ನಮ್ಮ ಲೆಕ್ಕದಲ್ಲೇ ತಪ್ಪಿದೆಯಾ?

ಉತ್ತರ: ನಿಮ್ಮ ಲೆಕ್ಕ ಸರಿ ಇದೆ. "ಸಾಧಾರಣ ಮಳೆಗೂ" ಅಂತ ಬರೆದಿದ್ದೀರಲ್ಲ, ಎಲ್ಲಾ ಉತ್ತರ ಆ ಮಾತಿನಲ್ಲೇ ಇದೆ.

ಮಣ್ಣಿನ ನೆಲಕ್ಕೆ ಹೊಟ್ಟೆ ಇದೆ. ಮಳೆ ಬಿದ್ದ ಕೂಡಲೇ ಅದು ಕುಡಿಯುತ್ತದೆ. ಹುಲ್ಲು, ತರಗೆಲೆ, ಸಣ್ಣಪುಟ್ಟ ಗುಂಡಿ ಎಲ್ಲವೂ ಒಂದಿಷ್ಟು ನೀರು ಹಿಡಿದುಕೊಳ್ಳುತ್ತವೆ. ಹೊಟ್ಟೆ ತುಂಬಿದ ಮೇಲೆ ಉಳಿದಿದ್ದು ಹಳ್ಳಕ್ಕೆ ಹರಿಯುತ್ತದೆ. ಕಾಂಕ್ರೀಟಿಗೆ ಆ ಹೊಟ್ಟೆ ಇಲ್ಲ.

ಇದನ್ನು ಲೆಕ್ಕ ಹಾಕಲು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯವರು 1950ರ ದಶಕದಲ್ಲಿ ಕರ್ವ್ ನಂಬರ್ ಅನ್ನುವ ವಿಧಾನ ತಂದರು. ನೆಲಕ್ಕೆ ಒಂದು ಅಂಕ ಕೊಡುತ್ತಾರೆ. 100 ಅಂದರೆ ಬಿದ್ದ ನೀರೆಲ್ಲಾ ಹರಿದುಹೋಗುತ್ತದೆ. ಅಂಕ ಇಳಿದಷ್ಟೂ ನೆಲ ಜಾಸ್ತಿ ಕುಡಿಯುತ್ತದೆ. ನಿಮ್ಮ ಹಳ್ಳದ ಮೇಲಿನ ನೆಲ ಮೊದಲು 70 ಇತ್ತು, ಮನೆ ರಸ್ತೆ ಬಂದ ಮೇಲೆ 90 ಆಯಿತು ಅಂದುಕೊಳ್ಳಿ. 30 ಮಿ.ಮೀ. ಮಳೆ ಬಂದರೆ, ಮೊದಲು ಹಳ್ಳಕ್ಕೆ ಹರಿಯುತ್ತಿದ್ದುದು ಬರೀ 0.6 ಮಿ.ಮೀ.ನಷ್ಟು ನೀರು. ಈಗ 11 ಮಿ.ಮೀ. ಹೆಚ್ಚುಕಡಿಮೆ ಇಪ್ಪತ್ತು ಪಟ್ಟು! ಅದೇ 150 ಮಿ.ಮೀ. ಸುರಿದರೆ ಮೊದಲು 69, ಈಗ 121. ಎರಡು ಪಟ್ಟೂ ಇಲ್ಲ.

ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿ. ನೂರಾರು ಮಿ.ಮೀ. ಸುರಿಯುವ ರಾಕ್ಷಸ ಮಳೆಗೆ ಕಾಡೂ ತುಂಬಿ ಹರಿಯುತ್ತದೆ, ಕಾಂಕ್ರೀಟೂ ಹರಿಯುತ್ತದೆ. ನಗರ ಬೆಳೆದಾಗ ಪಟ್ಟು ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಬದಲಾಗುವುದು ವರ್ಷಕ್ಕೆ ಐದಾರು ಸಲ ಬರುವ ಸಣ್ಣ ಮಳೆಯ ನೀರು. ನಿಮ್ಮ ಗೇಟಿಗೆ ಬರುತ್ತಿರುವುದು ಆ ನೀರೇ. ಪ್ರವಾಹ ಅಂದರೆ ದೊಡ್ಡ ಮಳೆ ಮಾತ್ರ ಅನ್ನುವ ಲೆಕ್ಕದಲ್ಲಿ ಎಷ್ಟೋ ವರದಿಗಳು ಈ ನೀರನ್ನು ಮುಟ್ಟುವುದೇ ಇಲ್ಲ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಯಾಕೆಂದರೆ ದಿನಬೆಳಗಾದರೆ ಜನರನ್ನು ಕಾಡುವುದು ಅದೇ ನೀರು.

ಇನ್ನೊಂದು, ವೇಗ. ಹುಲ್ಲಿನ ಮೇಲೆ ತೆವಳಿಕೊಂಡು ಬರುತ್ತಿದ್ದ ನೀರು ಈಗ ತಾರಸಿಯಿಂದ ಪೈಪಿಗೆ, ಪೈಪಿನಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಓಡಿ ಬರುತ್ತದೆ. ಎರಡು ಗಂಟೆ ಹಂಚಿಕೊಂಡು ಬರುತ್ತಿದ್ದುದು ಅರ್ಧ ಗಂಟೆಯಲ್ಲಿ ಒಟ್ಟಿಗೆ ನುಗ್ಗುತ್ತದೆ. ನೀರು ಅಷ್ಟೇ ಇದ್ದರೂ ಮಟ್ಟ ಮೇಲೇರುತ್ತದೆ. ಲೂನಾ ಲಿಯೊಪೋಲ್ಡ್ ಅನ್ನುವ ಅಮೆರಿಕದ ಜಲವಿಜ್ಞಾನಿ 1968ರಲ್ಲೇ ನಗರ ಯೋಜನೆ ಮಾಡುವವರಿಗಾಗಿ ಇದನ್ನು ಒಂದು ಚಿಕ್ಕ ಕೈಪಿಡಿಯಲ್ಲಿ ಬಿಡಿಸಿ ಹೇಳಿದ್ದರು. ಎಷ್ಟು ನೆಲ ಮುಚ್ಚಿದೆ, ಎಷ್ಟು ಭಾಗಕ್ಕೆ ಚರಂಡಿ ಇದೆ ಅನ್ನುವ ಎರಡನ್ನೂ ಅವರು ಬೇರೆ ಬೇರೆಯಾಗಿ ನೋಡಿದರು. ಅದು ಸರಿಯಾದ ದಾರಿ ಅಂತ ನನಗೂ ಅನುಭವದಲ್ಲಿ ಗೊತ್ತಾಗಿದೆ. ಮನೆ ಎಷ್ಟೇ ಇರಲಿ, ಅದರ ನೀರು ನೇರವಾಗಿ ಚರಂಡಿಗೆ ಬೀಳುತ್ತದೋ, ಮೊದಲು ತೋಟದ ಮಣ್ಣಿಗೆ ಬೀಳುತ್ತದೋ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇದೆ.

ಹಾಗಾಗಿ ಹದಿನೈದು ವರ್ಷ ನೀರು ಬರಲಿಲ್ಲ ಅನ್ನುವ ನೆನಪನ್ನು ಇನ್ನು ಸಾಕ್ಷಿಗೆ ಕರೆಯಬೇಡಿ. ಆ ಹಳ್ಳದ ಮೇಲಿದ್ದ ನೆಲ ಈಗ ಇಲ್ಲ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸುಮಾರು 1 ಚ.ಕಿ.ಮೀ. ಜಲಾನಯನದ ಪ್ರವಾಹ ಅಪಾಯ ಅಂದಾಜು ಮಾಡುವ ಪ್ರಾಜೆಕ್ಟ್ ಸಿಕ್ಕಿದೆ. ಹಳ್ಳದಲ್ಲಿ ಹರಿವು ಅಳೆದ ದಾಖಲೆ ಒಂದೂ ಇಲ್ಲ. ಸಾಫ್ಟ್‌ವೇರ್ ಕಲಿತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾಲಿನಿಂದ ಶುರು ಮಾಡಿ. ಕಂಪ್ಯೂಟರ್ ಆಮೇಲೆ.

ಮೊದಲು ಜಲಾನಯನದ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ಇಡೀ ನೆಲದ ಗಡಿ ಗುರುತಿಸಬೇಕು ಅಲ್ವಾ? ಎತ್ತರದ ನಕ್ಷೆ ಹಾಕಿದರೆ ಸಾಫ್ಟ್‌ವೇರ್ ಎರಡು ನಿಮಿಷದಲ್ಲಿ ಗಡಿ ಎಳೆದು ಕೊಡುತ್ತದೆ. ಅದು ದಿಣ್ಣೆಯನ್ನು ನೋಡುತ್ತದೆ, ಚರಂಡಿಯನ್ನು ನೋಡುವುದಿಲ್ಲ. ಬಡಾವಣೆಗಳಲ್ಲಿ ದಿಣ್ಣೆಯ ಆ ಕಡೆಯ ನೀರನ್ನು ನೆಲದಡಿಯ ಪೈಪಿನಲ್ಲಿ ಈ ಕಡೆಗೆ ತಂದಿರುತ್ತಾರೆ. ಒಂದು ಎತ್ತರದ ರಸ್ತೆ ನೀರನ್ನು ಇನ್ನೊಂದು ಹಳ್ಳಕ್ಕೆ ತಿರುಗಿಸಿರುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಅಂಥ ಎರಡು ಪೈಪ್ ತಪ್ಪಿಹೋದರೆ ವಿಸ್ತೀರ್ಣವೇ ಕಾಲುಭಾಗ ಹೆಚ್ಚುಕಡಿಮೆ ಆಗಬಹುದು. ಒಂದು ಜೋರು ಮಳೆಯ ದಿನ ಕೊಡೆ ಹಿಡಿದು ಗಡಿಯ ಉದ್ದಕ್ಕೂ ನಡೆಯಿರಿ. ನೀರು ಯಾವ ಕಡೆ ಓಡುತ್ತದೆ ಅಂತ ಬಾಣದ ಗುರುತು ಹಾಕಿಕೊಳ್ಳಿ.

ಆಮೇಲೆ ಸರಳ ಲೆಕ್ಕ. ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ 1851ರಲ್ಲಿ ಕೊಟ್ಟ ಆಲೋಚನೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಜಲಾನಯನದ ಅತಿ ದೂರದ ಮೂಲೆಯ ನೀರು ಬಾಯಿಗೆ ಬಂದು ಸೇರಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಒಂದೇ ಸಮನೆ ಮಳೆ ಬಿದ್ದರೆ ಇಡೀ ಜಾಗದ ನೀರು ಒಟ್ಟಿಗೆ ಬಾಯಲ್ಲಿರುತ್ತದೆ. ಆಗಲೇ ಹರಿವು ಅತಿ ಹೆಚ್ಚು. ಎಮಿಲ್ ಕೈಕ್ಲಿಂಗ್ 1889ರಲ್ಲಿ ಇದನ್ನು ನಗರದ ಚರಂಡಿಗಳಿಗೆ ಅಳವಡಿಸಿದರು. ಇದೇ ರ‍್ಯಾಷನಲ್ ವಿಧಾನ. ನೆಲದ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು), ಮಳೆಯ ತೀವ್ರತೆ, ವಿಸ್ತೀರ್ಣ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ತೀವ್ರತೆ ಗಂಟೆಗೆ ಮಿ.ಮೀ., ವಿಸ್ತೀರ್ಣ ಹೆಕ್ಟೇರ್ ಆದರೆ ಉತ್ತರ ಸೆಕೆಂಡಿಗೆ ಘನ ಮೀಟರ್.

ನಿಮ್ಮ ಜಾಗ 100 ಹೆಕ್ಟೇರ್. ಮಣ್ಣಿನ ನೆಲ ಇದ್ದಾಗ ಗುಣಾಂಕ 0.3, ನೀರು ಬರಲು ಒಂದು ಗಂಟೆ, ಒಂದು ಗಂಟೆಯ ಮಳೆಯ ತೀವ್ರತೆ 40 ಅಂತ ಇಟ್ಟುಕೊಳ್ಳಿ. ಉತ್ತರ 3.3 ಘನ ಮೀಟರ್. ಈಗ ಗುಣಾಂಕ 0.7 ಆಯಿತು. ನೀರು ಅರ್ಧ ಗಂಟೆಗೇ ಬರುತ್ತದೆ. ಹಾಗಾಗಿ ಅರ್ಧ ಗಂಟೆಯ ತೀವ್ರತೆ ತೆಗೆದುಕೊಳ್ಳಬೇಕು. ಮಳೆ ಚಿಕ್ಕದಾದಷ್ಟೂ ರಭಸ ಜಾಸ್ತಿ, ಅದು 60 ಅನ್ನೋಣ. ಉತ್ತರ 11.7. ಗುಣಾಂಕ ಎರಡೂ ಚಿಲ್ಲರೆ ಪಟ್ಟು ಆಯಿತು, ಹರಿವು ಮೂರೂವರೆ ಪಟ್ಟು. ಉಳಿದದ್ದು ಸಮಯದ ಕೆಲಸ. ಗುಣಾಂಕ ಮಾತ್ರ ಬದಲಿಸಿ ಹಳೆಯ ಸಮಯವನ್ನೇ ಇಟ್ಟ ವರದಿಗಳನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ನೀವು ಹಾಗೆ ಮಾಡಬೇಡಿ.

ಮಳೆಯ ಲೆಕ್ಕದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಸಣ್ಣ ಮೋರಿಯ ಅಳತೆ ನಾನು ಲೆಕ್ಕ ಹಾಕಿದ್ದೆ. ಕೈಯಲ್ಲಿದ್ದುದು ದಿನದ ಮಳೆಯ ದಾಖಲೆ ಮಾತ್ರ. ಅದನ್ನೇ ಗಂಟೆಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿದೆ. ಮುಂದಿನ ವರ್ಷ ಒಂದು ಸಂಜೆ 70 ಮಿ.ಮೀ. ಮಳೆ ಬಂತು. ದಾಖಲೆಯಲ್ಲಿ ಅದೇನೂ ದೊಡ್ಡ ದಿನ ಅಲ್ಲ. ಆದರೆ ಅದರಲ್ಲಿ 45 ಮಿ.ಮೀ. ಬಿದ್ದದ್ದು ಮುಕ್ಕಾಲು ಗಂಟೆಯಲ್ಲಿ. ಮೋರಿ ನುಂಗಲಿಲ್ಲ. ನೀರು ರಸ್ತೆ ಹತ್ತಿ ಆಚೆಯ ಮನೆಯ ಕಾಂಪೌಂಡ್ ಗೋಡೆ ಕೆಡವಿತು. ಆ ಹೊತ್ತಿಗೆ ಅಂಗಳದಲ್ಲಿ ಯಾರೂ ಇರಲಿಲ್ಲ. ಮಾರನೇ ದಿನ ಆ ಮನೆಯ ಅಜ್ಜಿ ನನಗೆ ಕೂರಲು ಕುರ್ಚಿ ಕೊಟ್ಟರು. ನನಗೆ ಕೂರಲು ಆಗಲಿಲ್ಲ. ಅವತ್ತಿನಿಂದ, 24 ಗಂಟೆಯ ಮಳೆ ಹಿಡಿದುಕೊಂಡು ಸಣ್ಣ ಹಳ್ಳದ ಲೆಕ್ಕ ಮಾಡಿದವರನ್ನು ಕಂಡರೆ ನಿಲ್ಲಿಸಿ ಕೇಳುತ್ತೇನೆ: ನಿಮ್ಮ ಹಳ್ಳ ಎಷ್ಟು ನಿಮಿಷದ್ದು? ಉತ್ತರ ನಲವತ್ತು ನಿಮಿಷ ಅಂದರೆ ನಲವತ್ತು ನಿಮಿಷದ ಮಳೆಯನ್ನೇ ಹುಡುಕಬೇಕು. ತನ್ನಷ್ಟಕ್ಕೆ ದಾಖಲಿಸುವ ಮಳೆಮಾಪಕ ಎಲ್ಲಿದೆಯೋ ಅಲ್ಲಿಂದ ತರಬೇಕು. ಮಲ್ವನಿ ತಮ್ಮ ಆ ಹಳೇ ಲೇಖನ ಬರೆದಿದ್ದೇ ಇಂಥ ಮಾಪಕಗಳನ್ನು ಬಳಸಿ ಅಂತ ಹೇಳುವುದಕ್ಕೆ.

ಕೊನೆಗೆ, ಲೆಕ್ಕದ ಉತ್ತರವನ್ನು ಹಳ್ಳದ ಮುಂದೆ ಇಟ್ಟು ಕೇಳಿ. ಮಳೆಗಾಲ ಮುಗಿದ ಮೇಲೆ ದಂಡೆಯ ಪೊದೆಗಳಲ್ಲಿ ಕಸ ಸಿಕ್ಕಿಕೊಂಡ ಮಟ್ಟ, ಗೋಡೆಯ ಮೇಲಿನ ಕೆಸರಿನ ಗೆರೆ, ಇವು ಆ ವರ್ಷದ ಅತಿ ಎತ್ತರದ ನೀರನ್ನು ತೋರಿಸುತ್ತವೆ. ಅಲ್ಲಿ ಹಳ್ಳದ ಅಗಲ, ಆಳ, ಇಳಿಜಾರು ಅಳೆಯಿರಿ. ಆ ಅಳತೆಗಳಿಂದ, ಹಳ್ಳದ ತಳ-ದಂಡೆಯ ಒರಟುತನದಿಂದ ನೀರಿನ ವೇಗ ಹೇಳುವ ಮ್ಯಾನಿಂಗ್ ಸೂತ್ರ ಹಾಕಿ. 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳ, 200ಕ್ಕೆ 1ರ ಇಳಿಜಾರು, ಒರಟುತನ 0.035 ಆದರೆ ನೀರಿನ ವೇಗ ಸೆಕೆಂಡಿಗೆ 2 ಮೀಟರ್, ಹರಿವು ಸುಮಾರು 18 ಘನ ಮೀಟರ್ ಬರುತ್ತದೆ. ಅದೇ ಹಳ್ಳದಲ್ಲಿ ಗಿಡಗಂಟಿ ಬೆಳೆದು ಒರಟುತನ 0.07 ಆದರೆ ಅದೇ ಮಟ್ಟಕ್ಕೆ ಬರೀ 9. ಹಾಗಾಗಿ ಒರಟುತನವನ್ನು ಪುಸ್ತಕ ನೋಡಿ ಸುಮ್ನೆ ಹಾಕಬೇಡಿ. ಹಳ್ಳಕ್ಕೆ ಇಳಿದು ನೋಡಿ ಹಾಕಿ.

ರ‍್ಯಾಷನಲ್ ಲೆಕ್ಕ 12 ಅಂತ, ಕಸದ ಗೆರೆ 18 ಅಂತ ಹೇಳಿದರೆ ಯಾವುದನ್ನು ನಂಬಬೇಕು ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಎರಡನ್ನೂ ವರದಿಯಲ್ಲಿ ಬರೆಯಿರಿ. ಯಾಕೆ ಹೊಂದುತ್ತಿಲ್ಲ ಅಂತ ಹುಡುಕಲು ಒಂದು ವಾರ ಇಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟಿನ ಅತಿ ಒಳ್ಳೆಯ ವಾರ ಅದೇ ಆಗುತ್ತದೆ.

ಪ್ರಶ್ನೆ: ಎಂಟು ವರ್ಷದ ಹಿಂದೆ ನಮ್ಮಲ್ಲಿ "ನೂರು ವರ್ಷದ ಪ್ರವಾಹ" ಬಂತು. ಇನ್ನು 92 ವರ್ಷ ನಿಶ್ಚಿಂತೆ ಅಂತ ನಮ್ಮ ಮಾವ ಹೇಳುತ್ತಾರೆ.

ಉತ್ತರ: ಮಾವನಿಗೆ ದಯವಿಟ್ಟು ಇದನ್ನು ಓದಿ ಹೇಳಿ. ನೂರು ವರ್ಷದ ಪ್ರವಾಹ ಅಂದರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ನೂರಕ್ಕೆ 1. ಹೋದ ವರ್ಷ ಬಂದಿದ್ದರೂ ಈ ವರ್ಷ ಮತ್ತೆ ನೂರಕ್ಕೆ 1. ಆ ಮನೆಯಲ್ಲಿ 30 ವರ್ಷ ಇದ್ದರೆ ಒಂದು ಸಲವಾದರೂ ನೋಡುವ ಸಾಧ್ಯತೆ ನೂರಕ್ಕೆ 26. ನಾಲ್ಕರಲ್ಲಿ ಒಂದು! ಅದೂ ನೆಲ ಬದಲಾಗದೆ ಇದ್ದರೆ ಮಾತ್ರ. ನೆಲ ಮುಚ್ಚುತ್ತಾ ಹೋದರೆ ಹಿಂದೆ ನೂರು ವರ್ಷಕ್ಕೆ ಅಂದುಕೊಂಡ ಮಟ್ಟದ ನೀರು ಅದಕ್ಕಿಂತ ತುಂಬಾ ಬೇಗ ಬೇಗ ಬರುತ್ತದೆ. ಈ ಹೆಸರೇ ಜನರ ದಾರಿ ತಪ್ಪಿಸುತ್ತದೆ. ನಾನಂತೂ ಸಭೆಗಳಲ್ಲಿ ಅದನ್ನು ಬಳಸುವುದು ಬಿಟ್ಟಿದ್ದೇನೆ. "ನಿಮ್ಮ ಮನೆಯ ಸಾಲ ತೀರುವುದರೊಳಗೆ ನಾಲ್ಕರಲ್ಲಿ ಒಂದು" ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ: ಹೊಸ ಪ್ರವಾಹ ನಕ್ಷೆಯಲ್ಲಿ ನಮ್ಮ ಬೀದಿ ಬಣ್ಣದ ಹೊರಗಿದೆ. ಪಕ್ಕದ ಬೀದಿ ತಿಳಿ ನೀಲಿ, ಅಂದರೆ ಆಳ ಕಡಿಮೆ. ಇಬ್ಬರೂ ಭಯಪಡಬೇಕಿಲ್ಲ ಅಲ್ವಾ?

ಉತ್ತರ: ಎರಡು ಮಾತು ಕೇಳಿಕೊಳ್ಳಿ. ಆ ನಕ್ಷೆ ಮಾಡುವಾಗ ಮೋರಿಗಳನ್ನು ತೆರೆದಂತೆ ಇಟ್ಟುಕೊಂಡಿದ್ದರೋ, ಕಟ್ಟಿಕೊಂಡಂತೆ ಇಟ್ಟಿದ್ದರೋ? ನಿಜವಾದ ಮಳೆಯಲ್ಲಿ ಕೊಂಬೆ, ಪ್ಲಾಸ್ಟಿಕ್, ಹಳೇ ಹಾಸಿಗೆ ಎಲ್ಲಾ ತೇಲಿ ಬಂದು ಮೋರಿಯ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಪೈಪಿನ ಅಗಲ ಅರ್ಧ ಆದರೆ ಅದು ಸಾಗಿಸುವ ನೀರು ಅರ್ಧ ಆಗುವುದಿಲ್ಲ, ಆರರಲ್ಲಿ ಒಂದು ಪಾಲಾಗುತ್ತದೆ. ಆಗ ನೀರು ಹಳ್ಳ ಬಿಟ್ಟು ರಸ್ತೆ ಹಿಡಿಯುತ್ತದೆ. ಆ ರಸ್ತೆ ನಿಮ್ಮ ಬೀದಿಯೂ ಆಗಬಹುದು. ಒಳ್ಳೆಯ ನಕ್ಷೆ ಮಾಡುವವರು ಮೋರಿ ಮುಚ್ಚಿದಾಗ ಏನಾಗುತ್ತದೆ ಅನ್ನುವುದನ್ನೂ ಓಡಿಸಿ ನೋಡುತ್ತಾರೆ. ನಿಮ್ಮವರು ನೋಡಿದ್ದಾರಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಎರಡನೆಯದು, ಆಳ ಒಂದೇ ಅಪಾಯ ಅಲ್ಲ. ಆಳವನ್ನು ವೇಗದಿಂದ ಗುಣಿಸಬೇಕು. ಅಂಗಳದಲ್ಲಿ ಕಾಲು ಮೀಟರ್ ನಿಂತ ನೀರು ಚಪ್ಪಲಿ ತೇಲಿಸುತ್ತದೆ ಅಷ್ಟೆ. ಇಳಿಜಾರು ರಸ್ತೆಯಲ್ಲಿ ಅದೇ ಕಾಲು ಮೀಟರ್ ನೀರು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ ಗುಣಲಬ್ಧ 0.5. ಆಸ್ಟ್ರೇಲಿಯಾದವರ ಮಾರ್ಗಸೂಚಿಯಲ್ಲಿ 0.3 ದಾಟಿದರೆ ಚಿಕ್ಕ ಕಾರುಗಳಿಗೆ ಅಪಾಯ, 0.6 ದಾಟಿದರೆ ಯಾವ ಮನುಷ್ಯನಿಗೂ ಸುರಕ್ಷಿತ ಅಲ್ಲ. ಬರೀ ಆಳದ ನಕ್ಷೆಯಲ್ಲಿ ಎರಡಕ್ಕೂ ಒಂದೇ ತಿಳಿ ನೀಲಿ. ಪಕ್ಕದ ಬೀದಿ ಇಳಿಜಾರಿನಲ್ಲಿದೆಯಾ? ಇದ್ದರೆ ಮಳೆ ಜೋರಾದಾಗ ಅಲ್ಲಿ ಬೈಕ್ ಇಳಿಸಬೇಡಿ ಅಂತ ಅವರಿಗೆ ಈಗಲೇ ಹೇಳಿ.

ಪ್ರಶ್ನೆ: ಹಳ್ಳಕ್ಕೆ ಕಾಂಕ್ರೀಟ್ ಗೋಡೆ, ತಳ ಎಲ್ಲಾ ಕಟ್ಟಿಬಿಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ? ಇಲ್ಲವಾದರೆ ಪ್ರತಿ ಬಡಾವಣೆಗೂ ನೀರು ತಡೆಯುವ ಒಂದು ಹೊಂಡ?

ಉತ್ತರ: ಕಾಂಕ್ರೀಟ್ ನಯವಾಗಿದೆ, ನೀರು ವೇಗವಾಗಿ ಹೋಗುತ್ತದೆ. ನಿಮ್ಮಲ್ಲಿ ಮಟ್ಟ ಇಳಿಯುತ್ತದೆ. ಕಾಂಕ್ರೀಟ್ ಮುಗಿಯುವ ಜಾಗದಲ್ಲಿ ಇರುವವರಿಗೆ ಅದೇ ನೀರು ಇನ್ನೂ ಬೇಗ, ಇನ್ನೂ ಒಟ್ಟಾಗಿ ಹೋಗಿ ಬಡಿಯುತ್ತದೆ. ಕೆಳಗಿನವರನ್ನು ಕೇಳದೆ ಮಾಡುವ ಕೆಲಸ ಇದು, ನನಗೆ ಒಪ್ಪಿಗೆ ಇಲ್ಲ.

ಹೊಂಡ ಒಳ್ಳೆಯದು. ಒಂದು ಹೆಕ್ಟೇರಿಗೆ 50 ಮಿ.ಮೀ. ಮಳೆ ಅಂದರೆ 5 ಲಕ್ಷ ಲೀಟರ್, ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟರೂ ಎಷ್ಟು ಭಾರ ಇಳಿಯುತ್ತದೆ ನೋಡಿ. ಆದರೆ ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ಜಲಾನಯನದ ಕೆಳಭಾಗದ ಬಡಾವಣೆಯ ನೀರು ಸಹಜವಾಗಿ ಮೊದಲೇ ಹರಿದು ಹೋಗಿಬಿಡುತ್ತದೆ. ಮೇಲಿನ ನೀರು ಆಮೇಲೆ ಬರುತ್ತದೆ. ಕೆಳಗೆ ಹೊಂಡ ಕಟ್ಟಿ ಆ ನೀರನ್ನು ತಡೆದು ನಿಧಾನವಾಗಿ ಬಿಟ್ಟರೆ, ಅದು ಸರಿಯಾಗಿ ಮೇಲಿನ ನೀರು ಬರುವ ಹೊತ್ತಿಗೇ ಹಳ್ಳಕ್ಕೆ ಸೇರಬಹುದು. ಪ್ರತಿ ಬಡಾವಣೆಯೂ ನಿಯಮ ಪಾಲಿಸಿದ್ದರೂ ಹಳ್ಳದ ಮಟ್ಟ ಏರಬಹುದು. ಹಾಗಾಗಿ ಹೊಂಡದ ಅನುಮತಿಯನ್ನು ಬಿಡಿಬಿಡಿಯಾಗಿ ಕೊಡದೆ, ಇಡೀ ಜಲಾನಯನವನ್ನು ಒಂದೇ ಮಾಡೆಲ್‌ನಲ್ಲಿ ಓಡಿಸಿ ನೋಡಬೇಕು. ಹೂಳು ತೆಗೆಯುವವರು ಯಾರು ಅನ್ನುವುದನ್ನೂ ಅದೇ ದಿನ ಬರೆದಿಡಬೇಕು. ಹೂಳು ತುಂಬಿದ ಹೊಂಡ ನಕ್ಷೆಯಲ್ಲಿ ಮಾತ್ರ ಹೊಂಡ.

ಪ್ರಶ್ನೆ: ನಾನು ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯ ಕಿಟಕಿಯಿಂದ ಹಳ್ಳದ ಸೇತುವೆ ಕಾಣುತ್ತದೆ. ಮಕ್ಕಳ ಕೈಯಲ್ಲಿ ಏನಾದರೂ ಅಳೆಸಬಹುದಾ?

ಉತ್ತರ: ಈ ಪತ್ರವನ್ನು ನಾನು ಎರಡು ಸಲ ಓದಿದೆ. ಖಂಡಿತ ಅಳೆಸಬಹುದು. ಅಳೆದ ದಾಖಲೆ ಒಂದೂ ಇಲ್ಲ ಅಂತ ಮೇಲಿನ ವಿದ್ಯಾರ್ಥಿ ಬರೆದಿದ್ದಾರಲ್ಲ, ಅಂಥವರಿಗೆ ನಿಮ್ಮ ಮಕ್ಕಳ ಪುಸ್ತಕ ಚಿನ್ನ.

ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗಿಟ್ಟರೆ ಆಲಿಕೆ ಆಯಿತು. ತಳ ಉಬ್ಬುತಗ್ಗು ಇರುತ್ತದೆ. ಗೋಡೆ ನೇರ ಆಗುವ ತನಕ ನೀರು ತುಂಬಿ, ಆ ಗೆರೆಯನ್ನು ಸೊನ್ನೆ ಅಂತ ಗುರುತಿಸಿ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿ. ಮರ, ಗೋಡೆಗಳಿಂದ ದೂರ, ಬಯಲಲ್ಲಿ ಇಡಿ. ಸೇತುವೆಯ ಕಂಬಕ್ಕೆ ಬೇಸಿಗೆಯಲ್ಲಿ, ಹಳ್ಳ ಒಣಗಿದಾಗ, ದೊಡ್ಡವರು ಅನುಮತಿ ಪಡೆದು 10 ಸೆಂ.ಮೀ.ಗೊಂದು ಪಟ್ಟೆ ಬಳಿಯಲಿ. ಮಳೆಯಲ್ಲಿ ಯಾವ ಮಗುವೂ ದಂಡೆಗೆ ಹೋಗಕೂಡದು. ಕಿಟಕಿಯಿಂದಲೇ ಓದಬೇಕು. ಕಾಣದಿದ್ದರೆ ದುರ್ಬೀನು ಇಟ್ಟುಕೊಳ್ಳಿ. ಬಾಟಲಿಯೂ ಒಳಗಿನಿಂದಲೇ ಕಾಣುವ ಹಾಗಿರಲಿ.

ಮಳೆ ಶುರುವಾದ ಮೇಲೆ ಐದು ನಿಮಿಷಕ್ಕೊಮ್ಮೆ ಇಬ್ಬರು ಬರೆಯಲಿ. ಒಬ್ಬರು ಬಾಟಲಿ, ಒಬ್ಬರು ಪಟ್ಟೆ. ಮಳೆ ಅತಿ ಜೋರಾದ ಹೊತ್ತಿಗೂ ಹಳ್ಳ ಅತಿ ಎತ್ತರ ಏರಿದ ಹೊತ್ತಿಗೂ ನಡುವೆ ಎಷ್ಟು ನಿಮಿಷ ಅಂತ ಎಣಿಸಿ ತರಗತಿಯ ಗೋಡೆಗೆ ಬರೆದಿಡಿ. ಮುಂದಿನ ವರ್ಷದ ಏಳನೇ ತರಗತಿಯೂ ಬರೆಯಲಿ, ಅದರ ಮುಂದಿನದೂ ಬರೆಯಲಿ. ಮೇಲೆ ಬಡಾವಣೆ ಬೆಳೆಯುತ್ತಿದ್ದರೆ ಆ ನಿಮಿಷಗಳು ಕಡಿಮೆ ಆಗುತ್ತಾ ಬರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಎರಡೂ ಕಡೆಯ ಗಡಿಯಾರ ಒಂದೇ ಸಮಯ ತೋರಿಸುವ ಹಾಗೆ ಮೊದಲೇ ಸರಿ ಮಾಡಿಕೊಳ್ಳಿ. ಮೊದಲ ಮಳೆಯ ಹಾಳೆ ಬರೆದಾದ ಮೇಲೆ ಅದರ ಒಂದು ಪ್ರತಿ ನನಗೂ ಕಳಿಸಿ.